ಎಡಕ್ಕೆ ತಿರುಗಿದ ಗಂಟು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬನಹಟ್ಟಿ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಹುಡುಗರಿಗೆ ಕಸಬು ಕಲಿಸುವ ವಸತಿ ಶಾಲೆಯಲ್ಲಿ, ಮಗ್ಗದ ಮೇಲಿದ್ದ ರೇಷ್ಮೆ ಸೀರೆಯನ್ನು ಭಾನುವಾರ ಮಧ್ಯಾಹ್ನ ಯಾರೋ ಕತ್ತರಿಸಿಕೊಂಡು ಹೋಗಿದ್ದರು. ನೇಯ್ದವನು ಹದಿನೇಳರ ಸಿದ್ದಾರೂಢ. ಬುಧವಾರದ ಪರೀಕ್ಷೆಗೆ ಅವನು ಒಪ್ಪಿಸಬೇಕಾದದ್ದು ಅದೇ ಸೀರೆ.

“ಅವನ ಮಾರ್ಕೊಂಡಾನರೀ. ಖೋಲಿ ಚಾವಿ ಅವನ ಹತ್ರಾನ ಇತ್ತು. ಸಂಜಿಕ ಸಾಲಿ ಬಿಡಿಸಿ ಮನಿಗೆ ಕಳಸ್ತೇನಿ,” ಎಂದರು ವಾರ್ಡನ್ ಗಿರಮಲ್ಲಪ್ಪ.

“ಸಂಜಿ ಇನ್ನೂ ದೂರ ಐತ್ರಿ,” ಎಂದಳು ಪಿಎಸ್‌ಐ ರಾಜಶ್ರೀ.

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಪಂಚನಾಮೆ. ಚಾವಿಯನ್ನು ಮೊಳೆಗೆ ಸಿಕ್ಕಿಸಿ ಬಟ್ಟೆ ಒಗೆಯಲು ಹೋಗಿದ್ದೆ ಎಂದ ಹುಡುಗ. ರಬಕವಿಯ ನೇಕಾರರ ಮನೆಯ ಕಾನ್‌ಸ್ಟೆಬಲ್ ಕರೆಪ್ಪ ಮಗ್ಗದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನಕ್ಕ.

“ಮೇಡಮ್ಮರ, ಈ ಕಳ್ಳ ಭಾಳ ಸಂಭಾವಿತ. ಉಳಿದ ಎಳಿ ಮಗ್ಗದ ಹಣಿಗ್ಯಾಗಿಂದ ಜಾರಬಾರದಂತ ಗಂಟು ಹಾಕಿ ಹೋಗ್ಯಾನ. ಜಾರಿದ್ರ ಸಾವಿರಾರು ಎಳಿ ಮತ್ತ ಪೋಣಸಬೇಕು.”

ಕದಿಯಲು ಬಂದವನ ಮನಸ್ಸು ಕೆಟ್ಟಿದ್ದರೂ ಕೈ ಹಳೆಯ ರೂಢಿ ಬಿಟ್ಟಿರಲಿಲ್ಲ. ರಾಜಶ್ರೀ ಬಗ್ಗಿ ನೋಡಿದಳು. ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. ಶಾಲೆಯ ಹನ್ನೆರಡೂ ಹುಡುಗರಿಂದ ಒಂದೊಂದು ಗಂಟು ಹಾಕಿಸಿದಳು. ಒಂದೂ ಎಡಕ್ಕೆ ತಿರುಗಲಿಲ್ಲ.

“ಹಿಂಗ ಹಾಕಾವ್ರು ಯಾರಪಾ?”

ಸಿದ್ದಾರೂಢ ನೆಲ ನೋಡಿದ.

“ನಿನಗ ಗೊತ್ತೈತಿ.”

“ನನ್ನ ಮನಿಗೆ ಕಳಸ್ರಿ.”

ಮನೆಗೆ ಹೋಗಲು ತಯಾರಾದ ಹುಡುಗ ಯಾರ ಹೆಸರನ್ನು ಕಾಯುತ್ತಿದ್ದಾನೆ? ಅವಳು ವಾರ್ಡನ್ ಕಡೆ ತಿರುಗಿದಳು. “ಮಗ್ಗ ಕಲಿಸಾವ್ರು ಯಾರ್ರೀ?”

“ಹೊಳೆಪ್ಪ ಮಾಸ್ತರ. ಎರಡು ವರ್ಷದ ಹಿಂದ ಲಕ್ವಾ ಹೊಡದು ಬಲಗೈ ಹೋತು. ಬಾಯಿಲೇ ಹೇಳಿ ಕಲಸ್ತಾರ, ಗಂಟಷ್ಟ ಎಡಗೈಲೆ ಹಾಕಿ ತೋರಸ್ತಾರ. ನಾಳಿ ಮಗಳ ಮದುವಿ, ನಿನ್ನೆ ಸಂಜಿಕ ಆಕಿನ್ನ ಕರ್ಕೊಂಡು ಮುಧೋಳಕ್ಕ ಹೋದ್ರು.”

ಮಧ್ಯಾಹ್ನ ಮೂರಕ್ಕೆ ಮುಧೋಳದ ಮದುವೆ ಮನೆ. ಹಂದರದಲ್ಲಿ ಖಾಕಿ ಕಂಡದ್ದೇ ಮಾಸ್ತರರು ಎದ್ದು ನಿಂತರು.

“ನಾನು ನೇಯ್ದ ಸೀರಿ ಉಡಿಸಿ ಅಕ್ಷತಿಗೆ ಕುಂದ್ರಸ್ತೇನಂತ, ಕೂಸಿದ್ದಾಗ ಮಾತು ಕೊಟ್ಟಿದ್ದೆರೀ. ಇದು ನಾನ ನೇಯ್ದದ್ದು ಅಂತ ಆಕಿಗೆ ಹೇಳೇನಿ.”

ಅರಿಸಿನ ಹಚ್ಚಿಕೊಂಡಿದ್ದ ಮಗಳು ಮಧುಮತಿ ಒಳಗಿಂದ ಸೀರೆ ತಂದು ರಾಜಶ್ರೀಯ ಕೈಗಿಟ್ಟಳು. “ಎರಡು ವರ್ಷದಿಂದ ನಿನಗ ತುತ್ತು ಮಾಡಿ ಉಣಸಾಕಿ ನಾನಪ್ಪಾ. ಕೊಂಡು ತಂದಿ ಅನ್ಕೊಂಡು ಸುಮ್ಮನಿದ್ದೆ.”

ನಾಲ್ಕು ಹತ್ತಕ್ಕೆ ಬಂಧನವಾಯಿತು. ಸೀರೆ ಜಪ್ತಾಯಿತು. ಪರೀಕ್ಷಕರು ಬುಧವಾರ ಠಾಣೆಗೇ ಬಂದು ನೋಡಲಿ ಎಂದು ರಾಜಶ್ರೀ ಶಾಲೆಗೆ ಫೋನ್ ಮಾಡಿದಳು.

ಜೀಪಿನಲ್ಲಿ ಹೊಳೆಪ್ಪ ಮಾಸ್ತರರು ಕೇಳಿದ್ದು ಒಂದೇ ಮಾತು. “ಹುಡುಗ ನನ್ನ ಹೆಸರು ಹೇಳಿದನೇನ್ರೀ?”

“ಇಲ್ರಿ. ಮನಿಗೆ ಕಳಸ್ರಿ ಅಂದ.”

ಮಾಸ್ತರರು ಎಡಗೈಯಿಂದ ಮುಖ ಮುಚ್ಚಿಕೊಂಡರು.