ಒರಟು ತೊಗಟೆಯ ಮರ

ಬಹಳ ಹಿಂದೆ, ಗೋಡೆಗಳಿಗೂ ಮಂತ್ರ ತಗಲುತ್ತಿದ್ದ ಕಾಲದಲ್ಲಿ, ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿ ಗಾರೆ ಕೆಲಸದ ಸಾಕವ್ವ, ಅವಳ ಮಗಳು ದೇವೀರಿ ಇದ್ದರು. ಗಾರೆ ಎಂದರೆ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದ ಮುದ್ದೆ. ಅದನ್ನು ಗೋಡೆಗೆ ಬಳಿಯುವುದೇ ಅವರ ಕಸುಬು.

ಒಂದು ದಿನ ಥಳುಕಾಕ್ಷನೆಂಬ ಮಾಂತ್ರಿಕ ಅರಮನೆಗೆ ಬಂದ. ಮೂರಾಳೆತ್ತರದ ಗೋಡೆಯ ಮೇಲೆ ಆಳವಾದ ಕಣಿವೆಯೊಂದರ ಚಿತ್ರ ಬರೆದ. ಆಮೇಲೆ ಅದನ್ನು ಕಲ್ಲಿನಿಂದ ಉಜ್ಜಿ ಉಜ್ಜಿ, ನೊಣ ಕೂತರೂ ಜಾರುವಷ್ಟು ನುಣುಪು ಮಾಡಿದ. ಚಿತ್ರ ಚೆಂದವಾಗಿಯೇ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಎಲ್ಲರೂ ಆಹಾ ಎಂದರು.

ಸಾಕವ್ವ ಮಾತ್ರ ಗೋಡೆ ಸವರಿ ನೋಡಿ, "ಬಂಡೆ ಬರ್ದವ್ನೆ, ಹುಲ್ಲು ಬರ್ದವ್ನೆ, ಮುಟ್ಟಿದ್ರೆ ಎಲ್ಲಾ ಒಂದೇ ಬೋಳುತಲೆ!" ಎಂದಳು.

ಥಳುಕಾಕ್ಷನ ತಲೆಯೂ ಬೋಳಾಗಿತ್ತು. ಆದ್ದರಿಂದ ಆಸ್ಥಾನವೆಲ್ಲ ನಕ್ಕಿತು. ಅವನು ಕೆರಳಿ ಅವಳ ಹಣೆಗೆ ಬೆರಳು ತಾಗಿಸಿದ. ಸಾಕವ್ವ ಚಿತ್ರದೊಳಗೆ ಹೋಗಿ ಕಣಿವೆಯ ತಳಕ್ಕೆ ಬಿದ್ದಳು. ಚಿತ್ರದ ಹಿಂದೆ ಅಲ್ಲ, ಒಳಗೇ.

ಕಾವಲುಗಾರರು ಕತ್ತಿ ಬೀಸಿದರು. ಕತ್ತಿಗಳು ಮಾಂತ್ರಿಕನ ಮೈಮೇಲೆ ಜಾರಿ ಹೋದವು.

"ಗೋಡೆಯ ಮೇಲಂಚು ಮುಟ್ಟಿದವರು ಹೊರಗೆ ಬರುತ್ತಾರೆ," ಎಂದ ಥಳುಕಾಕ್ಷ. "ಮೂರನೆಯ ಸಂಜೆ ಸೂರ್ಯ ಮುಳುಗುವಾಗ ಒಳಗಿರುವವರು ಬರೀ ಬಣ್ಣವಾಗುತ್ತಾರೆ. ಹೊರಗಿನಿಂದ ನೀವು ಬರೆದದ್ದೆಲ್ಲ ಅವಳಿಗೆ ಸಿಗುತ್ತದೆ. ಬರೆಯಿರಿ, ನೋಡೋಣ!"

ಮೊದಲನೆಯ ದಿನ ಆಸ್ಥಾನದ ಚಿತ್ರಗಾರ ತಿರುಮಲಾರ್ಯ ಒಂದು ಏಣಿ ಬರೆದ. ಸಾಕವ್ವ ಕಾಲಿಟ್ಟಳು, ಜಾರಿ ಬಿದ್ದಳು.

"ಏಣಿಗೆ ಬೆಣ್ಣೆ ಸವರಿದ್ದೀರಾ, ಅಯ್ನೋರೇ?" ಎಂದು ಒಳಗಿನಿಂದ ಕೂಗಿದಳು.

ಎರಡನೆಯ ದಿನ ಅವನು ಒಂದು ಹಗ್ಗ ಬರೆದ. ಅದರ ಒಂದೊಂದು ಎಳೆಯೂ ಕಾಣುತ್ತಿತ್ತು. ಸಾಕವ್ವ ಹಿಡಿದಳು, ಜಾರಿ ಬಿದ್ದಳು. ಈ ಸಲ ಅವಳು ತಮಾಷೆ ಮಾಡಲಿಲ್ಲ.

"ದೇವೀರಿ, ನನ್ನ ಸೆರಗು ಆಗ್ಲೇ ಬಣ್ಣ ಆಗೋಯ್ತು ಕಣೆ," ಎಂದಳು.

ದೇವೀರಿ ಅಳುತ್ತಲೇ ಆ ಹಗ್ಗವನ್ನು ಮುಟ್ಟಿದಳು. ಕಣ್ಣಿಗೆ ಅದು ಹಗ್ಗ, ಕೈಗೆ ಬರೀ ಗೋಡೆ. ಅವಳ ಅಳು ನಿಂತಿತು.

"ಅಯ್ನೋರೇ, ನೀವು ಕಣ್ಣಿಗೆ ಬರೆದ್ರಿ. ನಮ್ಮವ್ವ ಹತ್ತೋದು ಕೈಕಾಲಿಂದ. ನಾಳೆ ನಾನು ಬರೀತೀನಿ, ಗಾರೆಯಿಂದ."

"ಚಿತ್ರಕ್ಕೆ ಮರಳೇ? ಅದು ಗೋಡೆ ಬಳಿಯೋರ ಕೆಲಸ!"

"ಮತ್ತೆ ನಾನ್ಯಾರು?" ಎಂದಳು ದೇವೀರಿ.

ಮೂರನೆಯ ದಿನ ಬೆಳಿಗ್ಗೆ ಅವಳು ಅಟ್ಟಣಿಗೆ ಕಟ್ಟಿ ಹತ್ತಿದಳು. ಬಳಿದ ಗಾರೆಯೆಲ್ಲ ಜಾರಿ ನೆಲಕ್ಕೆ ಬಿತ್ತು. ಥಳುಕಾಕ್ಷ ಹೊಟ್ಟೆ ಹಿಡಿದು ನಕ್ಕ.

"ಕಚ್ಚು ಹಾಕೇ, ದಡ್ಡಿ! ನುಣುಪು ಗೋಡೆಗೆ ಗಾರೆ ಹಿಡಿಯುತ್ತಾ?" ಎಂದು ಕಣಿವೆಯೊಳಗಿಂದ ಅವ್ವ ಬೈದಳು.

ಹೌದಲ್ಲ! ದೇವೀರಿ ಉಳಿಯಿಂದ ಗೋಡೆಯ ತುಂಬ ಸಣ್ಣ ಸಣ್ಣ ಕಚ್ಚು ಹಾಕಿದಳು. ಆ ಗುಳಿಗಳನ್ನು ಹಿಡಿದು ಗಾರೆ ನಿಂತಿತು. ಅದರ ಮೇಲೆ ತೆಂಗಿನ ನಾರು ಎಳೆದು ಬಿರುಕು ಮೂಡಿಸಿದಳು, ಗೋಣಿತಾಟು ಒತ್ತಿ ತರಿ ಎಬ್ಬಿಸಿದಳು, ಹೆಬ್ಬೆರಳಿನಿಂದ ಗಂಟು ಕಟ್ಟಿದಳು. ಕಣಿವೆಯ ತಳದಿಂದ ಮೇಲಂಚಿನವರೆಗೆ ಒಂದು ಹುಣಸೆಮರ ಎದ್ದಿತು.

"ಬಣ್ಣವೇ ಇಲ್ಲವಲ್ಲ!" ಎಂದ ತಿರುಮಲಾರ್ಯ.

ಅಷ್ಟರಲ್ಲಿ ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿತ್ತು. ಒಂದೊಂದು ಬಿರುಕಿಗೂ ಒಂದೊಂದು ನೆರಳು ಹುಟ್ಟಿತು, ಒಂದೊಂದು ಗಂಟಿಗೂ ಒಂದೊಂದು ಬೆಳಕು. ಬರೀ ಸುಣ್ಣದ ಮರ ನೂರು ವರ್ಷದ ಮರವಾಯಿತು. ರಾಜ ತನಗರಿಯದೆಯೇ ಕೈ ಚಾಚಿದ. ಅಂಥ ಚಿತ್ರವನ್ನು ನೋಡಿದರೆ ಸಾಲದು, ಮುಟ್ಟಬೇಕು ಅನ್ನಿಸುತ್ತದೆ.

"ಇದು ಮರ ಕಣೇ!" ಎಂದು ಸಾಕವ್ವ ತೊಗಟೆಯನ್ನು ತಬ್ಬಿದಳು. ಹೊರಗೆ ಹಸಿ ಗಾರೆಯಾದರೂ ಒಳಗೆ ಅದು ಗಟ್ಟಿ ಮರ, ಮಾಯೆಯ ರೀತಿಯೇ ಹಾಗೆ. ಅವಳು ಹತ್ತಿದಳು. ಕಾಲು ಜಾರಲಿಲ್ಲ.

ಥಳುಕಾಕ್ಷನಿಗೆ ಸಹಿಸಲಾಗಲಿಲ್ಲ. ಅವಳನ್ನು ಕೆಳಗೆಳೆಯಲು ತಾನೇ ಚಿತ್ರದೊಳಕ್ಕೆ ಹಾರಿ, ಮರ ಹತ್ತಿ, ಅವಳ ಕಾಲು ಹಿಡಿದ. ಸಾಕವ್ವ ಒಂದು ಒದೆ ಕೊಟ್ಟಳು. ಅವನು ತಳಕ್ಕೆ ಬಿದ್ದ. ಅವಳ ಕೈ ಮೇಲಂಚು ಮುಟ್ಟಿತು, ಮರುಕ್ಷಣ ಅವಳು ಅಟ್ಟಣಿಗೆಯ ಮೇಲೆ ಮಗಳ ತೋಳಿನಲ್ಲಿದ್ದಳು.

ಮಾಂತ್ರಿಕ ಮತ್ತೆ ಮರ ಹತ್ತತೊಡಗಿದ.

"ಕೆರೆದು ಹಾಕೇ!" ಎಂದಳು ಅವ್ವ.

ಇಡೀ ದಿನ ಕಟ್ಟಿದ ಮರ. ದೇವೀರಿಯ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಕರಣೆಯಿಂದ ಅದನ್ನು ಪೂರ್ತಿ ಕೆರೆದು ಹಾಕಿದಳು. ಸೂರ್ಯ ಮುಳುಗಿದ. ಥಳುಕಾಕ್ಷ ಗೋಡೆಯ ಬುಡದಲ್ಲಿ ಬರೀ ಬಣ್ಣವಾಗಿ ಉಳಿದ.

ರಾಜ ದೇವೀರಿಗೆ ಇನ್ನೊಂದು ಗೋಡೆ ಕೊಟ್ಟ. ಅಲ್ಲಿ ಎದ್ದ ಹೊಸ ಮರವನ್ನು ಮುಟ್ಟಲು ಊರೂರಿನಿಂದ ಜನ ಬಂದರು. ಕೈ ತಾಗಿ ತಾಗಿ ತೊಗಟೆ ಸವೆಯುತ್ತಿತ್ತು, ದೇವೀರಿ ಪ್ರತಿವರ್ಷ ಸಂತೋಷದಿಂದ ಹೊಸದಾಗಿ ಬಳಿಯುತ್ತಿದ್ದಳು. ತಿರುಮಲಾರ್ಯ ಪಂಚೆ ಎತ್ತಿ ಕಟ್ಟಿ ಅವಳಿಗೆ ಗಾರೆ ಅರೆದುಕೊಡುತ್ತಿದ್ದ. ಹೊಂಬೆಟ್ಟದಲ್ಲಿ ಎಲ್ಲರೂ ಸುಖವಾಗಿದ್ದರು. ಸಾಕವ್ವ ಮಾತ್ರ ಒಂದು ತೂಕ ಹೆಚ್ಚೇ ಸುಖವಾಗಿದ್ದಳು. ಆಸ್ಥಾನದ ಚಿತ್ರಗಾರನನ್ನು "ಬೆಲ್ಲದ ನೀರು ಸಾಲದು, ಇನ್ನೂ ಅರೀರಿ ಅಯ್ನೋರೇ!" ಎಂದು ಗದರಿಸುವ ಭಾಗ್ಯ ಬೇರೆ ಯಾರಿಗಿತ್ತು?