ಯಾರ ಅವ್ವನ ಮನೆ?

ಹಿತ್ತಲ ಬಾವಿಯಿಂದ ಎತ್ತಿದಾಗ ಮುದುಕಿ ರಂಗವ್ವನ ಕೊರಳ ಮೇಲೆ ಬೆರಳಿನ ಗುರುತುಗಳಿದ್ದವು. ದಾವಣಗೆರೆಯ ಆ ಓಣಿಯವರಿಗೆ ಸಾಕ್ಷಿ ಯಾಕೆ ಬೇಕು? ಎಲ್ಲರೂ ಒಮ್ಮೆಲೇ ಮಾಳಿಂಗಪ್ಪನತ್ತ ತಿರುಗಿದರು. ಅವನು ರಂಗವ್ವ ಇದ್ದ ಮನೆಯ ಬಾಡಿಗೆದಾರ, ಮುಂಭಾಗದಲ್ಲಿ ಮಂಡಕ್ಕಿ ಭಟ್ಟಿ ಇಟ್ಟವನು. ಬಾಡಿಗೆ ವಸೂಲಿ ಮಾಡುತ್ತಿದ್ದವನು ಹರಿಹರದಲ್ಲಿದ್ದ ಮುದುಕಿಯ ಮಗ ಲಿಂಗಣ್ಣ.

"ಅವ್ವಂಗೆ ದಿನಾ ರೊಟ್ಟಿ ಬಡಿದು ಕೊಡಾಕಿ ನನ್ನ ಹೆಂಡ್ತಿ. ನಾ ಯಾಕ ಕೊಲ್ಲಲಿ?" ಎಂದು ಮಾಳಿಂಗಪ್ಪ ಅತ್ತ.

ಮನೆ ಬಿಡು ಎಂದ ಲಿಂಗಣ್ಣನಿಗೆ ಈ ಮಾಳಿಂಗಪ್ಪ ನಡುಬಜಾರಿನಲ್ಲೇ, "ಈ ಮನಿ ನಿಂದಲ್ಲ, ನಮ್ಮವ್ವಂದು" ಎಂದು ಕೂಗಿದ್ದ. ಮಾಲೀಕನ ಹಕ್ಕನ್ನೇ ಅಲ್ಲಗಳೆದ ಬಾಡಿಗೆದಾರನನ್ನು ಹೊರಹಾಕಲು ಕಾನೂನಿನಲ್ಲಿ ದಾರಿಯುಂಟು. ಮಾಳಿಂಗಪ್ಪ ಇದನ್ನು ನಂದಿಗುಡಿಯಲ್ಲಿರುವ ತನ್ನ ಹೆತ್ತ ತಾಯಿ ಮರಿಯವ್ವನ ಮನೆ ಅನ್ನುತ್ತಾನೆ ಎಂದು ಲಿಂಗಣ್ಣ ಕೋರ್ಟಿನಲ್ಲಿ ಪ್ರಮಾಣ ಮಾಡಿ ದಾವೆ ಹೂಡಿದ್ದ. ಹೆಣ ಸಿಕ್ಕ ಮರುದಿನವೇ ರಂಗವ್ವ ಆ ದಾವೆಯಲ್ಲಿ ಸಾಕ್ಷಿ ಹೇಳಬೇಕಿತ್ತು. ಮಗನ ಪರವೇ ಹೇಳುತ್ತಾಳೆಂದು ಎಲ್ಲರ ಎಣಿಕೆ. ಈಗ ಮಾಳಿಂಗಪ್ಪನಿಗೆ ಮನೆಯ ಜೊತೆ ಜೀವವೂ ಹೋಗುವಂತಿತ್ತು.

ಓಣಿಯಲ್ಲಿ ಏನೇ ಆದರೂ ಜನ ಮೊದಲು ಹುಡುಕುತ್ತಿದ್ದುದು ನಿವೃತ್ತ ಪೊಲೀಸ್ ಜಮಾದಾರ ಓಬಯ್ಯನವರನ್ನು. ಅವರು ಗೆಳೆಯ ಗಿಡ್ಡಪ್ಪನನ್ನು ಪಕ್ಕಕ್ಕೆ ಕರೆದರು.

"ಹರಿಹರಕ್ಕೆ ಹೋಗು. 'ಮಾಳಿಂಗಪ್ಪನ ಅವ್ವ ತೀರಿಕೊಂಡ್ಲು, ಬರ್ರಿ' ಅಂತ ಲಿಂಗಣ್ಣಂಗೆ ಹೇಳು. ಮ್ಯಾಲೊಂದು ಮಾತು ಬ್ಯಾಡ."

ಗಿಡ್ಡಪ್ಪ ಹರಿಹರಕ್ಕೆ ಹೋಗಿ ಅಷ್ಟೇ ಹೇಳಿದ. "ಅಯ್ಯೋ, ನನ್ನ ಹಡೆದವ್ವಾ!" ಎಂದು ಲಿಂಗಣ್ಣ ಎದೆ ಬಡಿದುಕೊಂಡ. ಬಸ್ಸಿಳಿದು ಬಂದವನು ಮುಂಬಾಗಿಲಿಗೆ ಹೋಗದೆ, ಸಂದಿಯಿಂದ ನೆಟ್ಟಗೆ ಬಾವಿಯ ಹತ್ತಿರ ಓಡಿದ. ಹೆಣವನ್ನು ಆಗಲೇ ಪಡಸಾಲೆಯಲ್ಲಿ ಮಲಗಿಸಿದ್ದರು.

ಸಬ್ ಇನ್‌ಸ್ಪೆಕ್ಟರ್ ಎದುರು ಎಲ್ಲರನ್ನೂ ಕೂಡಿಸಿ ಓಬಯ್ಯನವರು ಕೇಳಿದರು: "ಲಿಂಗಣ್ಣಾರೇ, ಸತ್ತಿದ್ದು ಮಾಳಿಂಗಪ್ಪನ ಅವ್ವ ಅಂದ್ರೆ ನೀವು ಯಾಕ ಅತ್ರಿ?"

"ಅವನು ನಮ್ಮವ್ವನ್ನೂ ಅವ್ವ ಅಂತಿದ್ದ..." ಎಂದವನು ತಟ್ಟನೆ ನಿಲ್ಲಿಸಿದ.

"ಹಂಗಾರೆ ಬಜಾರ್‌ನಾಗೆ ಅವನು 'ನಮ್ಮವ್ವ' ಅಂದಿದ್ದೂ ಆಕಿನ್ನೇ. ಗೊತ್ತಿದ್ದೂ ಸುಳ್ಳು ಪ್ರಮಾಣ ಮಾಡಿದ್ರಿ. ಮನಿ ರಂಗವ್ವನ ಹೆಸರಿಗೇ ಐತೆ. ನಾಳೆ ಆಕಿ 'ಅವ ಅವ್ವ ಅನ್ನೋದು ನನಗ, ಮನಿ ನಂದೇ' ಅಂದಿದ್ರೆ ದಾವೆ ಬೀಳ್ತಿತ್ತು, ನೀವು ಜೈಲಿಗೆ ಹೋಗ್ತಿದ್ರಿ. ಇನ್ನ ಬಾವಿ ಅಂತ ಗಿಡ್ಡಪ್ಪ ಹೇಳೇ ಇರಲಿಲ್ಲ. ಅಲ್ಲಿಗೆ ಹೆಂಗೆ ಹೋದ್ರಿ?"

ಲಿಂಗಣ್ಣ ಎಲ್ಲವನ್ನೂ ಒಪ್ಪಿಕೊಂಡ. ಗಿಡ್ಡಪ್ಪನಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಬೇಡಿ ಬಿದ್ದ ಮೇಲೆ ಲಿಂಗಣ್ಣ ಅಂಗಲಾಚಿದ: "ನನ್ನವ್ವಂಗೆ ಒಂದು ಹಿಡಿ ಮಣ್ಣಾದ್ರೂ ಹಾಕಿ ಬರ್ತೀನ್ರಿ."

ಮಾಳಿಂಗಪ್ಪ ಕಣ್ಣೊರೆಸಿಕೊಂಡು ಎದ್ದ.

"ಬ್ಯಾಡ. ಮಣ್ಣು ಕೊಡಾಕೆ ನಾನದೀನಿ."