ಆರ್ವಿಡ್ ಅಜ್ಜನ ಮನೆಗೆ ಹಾಕಿದ ಬೀಗ

ಬೆಕ್ಕಿನ ಕೆಲಸ ಅಂತ ನಮ್ಮ ಆಫೀಸಿನವರು ಇವತ್ತಿಗೂ ನಗುತ್ತಾರೆ. ನಗಲಿ, ನಾನು ಕಂಡದ್ದಿಷ್ಟು.

ನೆನಪು ಕೆಟ್ಟು, ನೋಡಿಕೊಳ್ಳುವವರಿಲ್ಲದ ಮುದುಕರಿಗೆ ಸರ್ಕಾರದ ಪರವಾಗಿ ಪೋಷಕಳಾಗಿರುವುದು ನನ್ನ ಕೆಲಸ. ಟರ್ಲಾಕ್ ಊರಿನ ಆರ್ವಿಡ್ ಲಿಂಡ್ ಮದುವೆಯೇ ಆಗದವರು. ಅವರಿಗೆ ಲೋಕದಲ್ಲಿ ಉಳಿದವಳು ನಾನೊಬ್ಬಳೇ, ಅದೂ ಕಾಗದದ ಮೇಲೆ. ಆದರೂ ವೃದ್ಧಾಶ್ರಮದಲ್ಲಿ ನನ್ನ ಕೈ ಹಿಡಿದು, "ಮನೆಗೆ ಬೀಗ ಹಾಕಬೇಡ ಮಗಳೇ, ಅವಳು ಒಳಗಿದ್ದಾಳೆ" ಅಂದಿದ್ದರು.

ಇಂಥ ಮನೆಗಳಿಗೆ ನಾವು ಒಬ್ಬರೇ ಹೋಗುವಂತಿಲ್ಲ. ಅಜ್ಜನ ಖರ್ಚಿಗೆ ಮಾರಬೇಕಿದ್ದ ಆ ಮನೆಗೆ ಬೀಗ ಹಾಕಲು ಹೋದಾಗ ಸಹೋದ್ಯೋಗಿ ಯೊಲಾಂಡಾ ಜೊತೆಗಿದ್ದಳು. ಕರೆಂಟು, ಗ್ಯಾಸು ನಿಂತು ತಿಂಗಳುಗಳಾಗಿದ್ದವು. ಅಡುಗೆಮನೆಯಲ್ಲಿ ಮಾತ್ರ ಆಗಷ್ಟೇ ಕಾಯಿಸಿದ ಕಾಫಿಯ ವಾಸನೆ. ಹಾಸಿಗೆ ಮುಟ್ಟಿದರೆ ಒಂದು ಮಗ್ಗುಲು ಬೆಚ್ಚಗಿತ್ತು. ಅಟ್ಟದವರೆಗೂ ಹುಡುಕಿದೆವು, ಯಾರೂ ಇಲ್ಲ.

"ಬೆಕ್ಕು ಮಲಗಿತ್ತೇನೋ ಕಣೇ. ಬೇಗ ಬೀಗ ಜಡಿ, ಹೊಟ್ಟೆ ಹಸೀತಿದೆ" ಅಂದಳು ಯೊಲಾಂಡಾ.

"ಬೆಕ್ಕು ಕಾಫೀನೂ ಕಾಯಿಸತ್ತಾ?"

ಯೊಲಾಂಡಾ ಮಂಜಿನಲ್ಲಿ ಕಾರಿನ ಕಡೆ ನಡೆದಳು.

ಮುಂಬಾಗಿಲಿಗೆ ಹೊಸ ಬೀಗ ಹಾಕಿ ಮೊಹರು ಅಂಟಿಸಿದೆ. ಹಿತ್ತಿಲ ಬಾಗಿಲನ್ನು ಮಾತ್ರ ಬೀಗ ಹಾಕದೆ ಸುಮ್ಮನೆ ಎಳೆದುಕೊಂಡು ಬಂದೆ. ಒಳಗೆ ಯಾರೇ ಇರಲಿ, ಅಜ್ಜನ ಹತ್ತಿರ ಹೋಗಿಬಿಡಲಿ ಅಂತ.

ವಾರ ಕಳೆದು ಕೊಳ್ಳುವವರಿಗೆ ಮನೆ ತೋರಿಸಲು ಹೋದೆ. ಮುಂಬಾಗಿಲ ಮೊಹರು ಒಡೆದಿರಲಿಲ್ಲ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.